ಘಾಟಿಗೆ ತಾಳುವ ಬ್ರೇಕು

ಸೆಪ್ಟೆಂಬರ್ 8, ಸೋಮವಾರ. ಬೆಳಗ್ಗೆ

ಹಾಲು ತಂದೆ. ಕಾಯಿಸಿದೆ. ಉಕ್ಕಲಿಲ್ಲ. ಈ ಮನೆಯಲ್ಲಿ ಈಗ ಇಷ್ಟನ್ನೂ ಸಾಧನೆ ಎಂದೇ ಬರೆದುಕೊಳ್ಳಬೇಕು.

ಆಮೇಲೆ ಕೆಳಗಿಳಿದು ಕಾರು ಸ್ಟಾರ್ಟ್ ಮಾಡಿದೆ. ವಾರಕ್ಕೊಮ್ಮೆ ಮಾಡದಿದ್ದರೆ ಬ್ಯಾಟರಿ ಮಲಗುತ್ತದೆ. ಹೋಗಬೇಕಾದ ಜಾಗ ಯಾವುದೂ ಇಲ್ಲ. ಸಾಂತಾಕ್ರೂಜ್ ಸ್ಟೇಷನ್‌ವರೆಗೆ ಹೋಗಿ ವಾಕೋಲಾ ಕಡೆಯಿಂದ ಸುತ್ತಿ ಬಂದೆ. ಬ್ರೇಕ್ ತುಳಿದರೆ ಸ್ಟೇರಿಂಗ್ ನಡುಗುತ್ತದೆ. ಕೊನೆಗೆ ನಿಲ್ಲುವಾಗ ಕೀಂ... ಅಂತ ಒಂದು ಸದ್ದು. ಸಿಗ್ನಲ್‌ನಲ್ಲಿ ಪಕ್ಕದ ರಿಕ್ಷಾದವನು ತಲೆ ಹೊರಗೆ ಹಾಕಿದ.

‘ಕಾಕಾ, ಬ್ರೇಕ್ ರೋ ರಹಾ ಹೈ.’

‘ರೋನೇ ದೋ. ಘರ್ ಮೇ ಔರ್ ಕೋಯಿ ರೋನೇವಾಲಾ ನಹೀ’ ಅಂದೆ. ಅಳಲಿ ಬಿಡು, ಮನೆಯಲ್ಲಿ ಅಳುವವರು ಬೇರೆ ಯಾರೂ ಇಲ್ಲ ಅಂತ. ನಕ್ಕ. ಇಡೀ ಬೆಳಗಿನಲ್ಲಿ ಇನ್ನೊಬ್ಬ ಮನುಷ್ಯನ ಜೊತೆ ಆಡಿದ ಮಾತು ಇಷ್ಟೇ.

ಹೋದ ದೀಪಾವಳಿಗೆ ಮಹಾದೇವಿಯನ್ನು ಪುಣೆಯಿಂದ ಕರೆತರುವಾಗ ಖಂಡಾಲಾ ಘಾಟಿನಲ್ಲಿ ಮುಂದಿನ ಚಕ್ರದಿಂದ ಹೊಗೆ ಬಂತು. ಇಳಿಜಾರಲ್ಲವೇ, ಪೆಟ್ರೋಲ್ ಉಳಿಯಲಿ ಅಂತ ನ್ಯೂಟ್ರಲ್‌ನಲ್ಲಿ ಬಿಟ್ಟಿದ್ದೆ. ಬ್ರೇಕಿನ ಮೇಲೇ ಇಡೀ ಘಾಟು. ಅವಳು ಇಳಿದು ರಸ್ತೆ ಬದಿಯಲ್ಲಿ ಸೆರಗು ಮೂಗಿಗೆ ಹಿಡಿದು ನಿಂತು ಹೇಳಿದ್ದು: ‘ಪೆಟ್ರೋಲ್ ಉಳಿಸಾಕ ಹೆಂಡ್ತೀನ್ನ ಖರ್ಚಿಗೆ ಹಾಕ್ತೀರೇನ್ರಿ? ಬ್ರೇಕ್ ಸರಿ ಮಾಡ್ಸೂತನಕಾ ಈ ಗಾಡಿಯೊಳಗ ನಾ ಕಾಲಿಡಂಗಿಲ್ಲ.’ ಹಬ್ಬ ಮುಗಿಸಿ ಬಸ್ಸಿನಲ್ಲಿ ಪುಣೆಗೆ ವಾಪಸ್ಸು. ಆಮೇಲೆ ಬಂದಿಲ್ಲ. ಮಗಳು ಶುಭಾಂಗಿಯ ಬಾಣಂತನಕ್ಕೆಂದು ಹೋದವಳು. ಮೊಮ್ಮಗಳು ಈಗ ನರ್ಸರಿಗೆ ಹೋಗುತ್ತಾಳೆ. ಬಾಣಂತನ ಮುಗಿದಿಲ್ಲ.

ದಸರೆಗೆ ಕರೆತರುವುದು. ಅಷ್ಟರೊಳಗೆ ಬ್ರೇಕ್. ಅಡ್ಡಿ ಒಂದೇ, ಅದಕ್ಕೆ ಅಂಗಡಿಯಲ್ಲಿ ಸಾಮಾನೂ ಸಿಗುತ್ತದೆ. ಇಷ್ಟು ಸುಲಭದ ವ್ಯವಹಾರವನ್ನು ಇಷ್ಟು ದಿನ ಯಾಕೆ ಬಿಟ್ಟುಕೊಂಡು ಕೂತಿದ್ದೆನೋ.

ಸೆಪ್ಟೆಂಬರ್ 9, ಮಂಗಳವಾರ

ಕಲೀನಾದಲ್ಲಿ ಧನರಾಜ್‌ನ ಗ್ಯಾರೇಜು. ಉಡುಪಿ ಕಡೆಯವನು. ಮಾತು ಜಾಸ್ತಿ, ಕೆಲಸವೂ ಜಾಸ್ತಿ. ಮುಂದಿನ ಚಕ್ರ ಬಿಚ್ಚಿದ. ಒಳಗೆ ತಟ್ಟೆಯಂಥ ಕಬ್ಬಿಣದ ಡಿಸ್ಕು. ಅದನ್ನು ಎರಡೂ ಕಡೆಯಿಂದ ಹಿಸುಕಿ ಹಿಡಿಯುವವು ಪ್ಯಾಡು. ಪ್ಯಾಡು ಸವೆದು ಬಿಸ್ಕತ್ತಿನಂತಾಗಿದೆ. ಡಿಸ್ಕಿನ ಮೇಲೆ ಗೀರು. ಅಂಚು ಉಗುರಿಗೆ ತಾಗುತ್ತದೆ.

‘ಎಂತ ಮಾಡಿದ್ದು ಮಾರಾಯ್ರೆ ಇದಕ್ಕೆ? ನೀಲಿ ಆಗಿದೆ ನೋಡಿ. ಕಾದು ಕಾದು ಬೆಂಡ್ ಬಂದಿದೆ. ನ್ಯೂಟ್ರಲ್‌ನಲ್ಲಿ ಘಾಟ್ ಇಳಿಸಿದ್ದಾ?’

‘ಎಲ್ಲರೂ ಇಳಿಸ್ತಾರ.’

‘ಎಲ್ಲರ ಡಿಸ್ಕೂ ಹೀಗೆಯೇ ಉಂಟು. ನನ್ನ ಮನೆ ನಡೆಯುವುದು ಅದರಿಂದಲೇ.’

ಲೇತ್ ಹಾಕಿ ಸಪಾಟು ಮಾಡಿಸೋಣವೇ ಅಂದೆ. ಡಿಸ್ಕಿನ ಮೇಲೆಯೇ ಕೆತ್ತಿರುತ್ತಾರಂತೆ, ಇಷ್ಟಕ್ಕಿಂತ ತೆಳ್ಳಗಾದರೆ ಎಸೆಯಿರಿ ಅಂತ. ಅಳೆದು ತೋರಿಸಿದ. ಎಸೆಯುವ ಹಂತ. ಕಂಪನಿ ಸಾಮಾನು ಹಾಕಿದರೆ ಒಂದು ದರ, ಹೊರಗಿನದಾದರೆ ಅರ್ಧ. ‘ಹೊರಗಿನದ್ದು ಅಂದ್ರೆ ಕಳಪೆ ಅಂತಲ್ಲ. ಆದರೆ ನೋಡಿ ತರಬೇಕು. ನಾನು ತರಲಾ, ನೀವು ತರ್ತೀರಾ?’

ನಾನೇ ತರುತ್ತೇನೆ ಅಂದೆ. ಗ್ರಾಂಟ್ ರೋಡಿನಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟು ಹೋಟೆಲುಗಳಿಗೆ ಸಾಮಾನು ಹಾಕಿ ಬದುಕಿದವನು. ಲೋಹ ಕೊಳ್ಳುವುದಕ್ಕೆ ದಲ್ಲಾಳಿ ಬೇಕೆ? ನಿಜ ಹೇಳಬೇಕೆಂದರೆ, ಅಂಗಡಿಯನ್ನು ಪಾಲುದಾರನ ಮಗನಿಗೆ ಬಿಟ್ಟುಕೊಟ್ಟ ಮೇಲೆ ಏನನ್ನೂ ಕೊಂಡಿಲ್ಲ, ಏನನ್ನೂ ಮಾರಿಲ್ಲ. ಕೈ ಕಡಿಯುತ್ತದೆ.

ಸೆಪ್ಟೆಂಬರ್ 11, ಗುರುವಾರ

ಎರಡು ದಿನ ಫೋನಿನಲ್ಲಿ ಬ್ರೇಕ್ ವಿಡಿಯೋ. ಪಂಜಾಬಿನವನೊಬ್ಬ, ಕೇರಳದವನೊಬ್ಬ, ಅಮೆರಿಕದ ಬೋಳುತಲೆಯವನೊಬ್ಬ. ಮೂವರಿಗೂ ಮೂರು ಮತ. ಸೆರಾಮಿಕ್ ಪ್ಯಾಡು — ಸದ್ದಿಲ್ಲ, ಚಕ್ರಕ್ಕೆ ಕರಿ ಪುಡಿ ಹತ್ತುವುದಿಲ್ಲ, ದುಬಾರಿ. ಸೆಮಿ-ಮೆಟಾಲಿಕ್ — ಬಿಸಿಗೆ ತಾಳುತ್ತದೆ, ಸ್ವಲ್ಪ ಕಿರಿಕಿರಿ. ಡಿಸ್ಕಿನಲ್ಲಿ ತೂತು ಇರುವುದು, ಗೆರೆ ಇರುವುದು, ಸಾದಾ. ಊಟಕ್ಕೆ ಕೂತಾಗಲೂ ಫೋನನ್ನು ಲೋಟಕ್ಕೆ ಆನಿಸಿಟ್ಟು ನೋಡಿದೆ. ಕೇರಳದವನ ದನಿ ಚೆನ್ನಾಗಿದೆ. ಮನೆಯಲ್ಲಿ ಯಾರೋ ಇದ್ದಂತೆ.

ಸಂಜೆ ಮಹಾದೇವಿಗೆ ಫೋನ್. ಹಿಂದೆ ಪಟಪಟ ಸದ್ದು.

‘ಬ್ರೇಕ್ ಮಾಡ್ಸಾಕ ಹಚ್ಚೇನಿ. ದಸರಾಕ್ಕ ಕರಕೊಂಡು ಹೋಗಾಕ ಬರ್ತೀನಿ’ ಅಂದೆ.

‘ಹೌದೇನ್ರಿ? ಛಲೋ ಆತು. ಈಗ ರೊಟ್ಟಿ ಬಡ್ಯಾಕತ್ತೀನ್ರಿ, ಕೆಳಗಿನ ಮನಿ ಭುವನೇಶ್ವರಿ ಬಂದಾಳ. ಆಮ್ಯಾಲ ಮಾಡ್ಲಿ?’

ಅಕ್ಕಪಕ್ಕದವರಿಗೆ ಖಡಕ್ ರೊಟ್ಟಿ ಮಾಡಿಕೊಡುತ್ತಾಳಂತೆ. ಹೊತ್ತು ಹೋಗಬೇಕಲ್ಲ, ಮಾಡಲಿ. ಆಮೇಲೆ ಫೋನ್ ಬರಲಿಲ್ಲ.

ಸೆಪ್ಟೆಂಬರ್ 13, ಶನಿವಾರ

ಲೋಕಲ್ ಹಿಡಿದು ಗ್ರಾಂಟ್ ರೋಡಿಗೆ. ಹಳೇ ಅಭ್ಯಾಸ, ಕಾಲು ತಾನಾಗಿ ಅಂಗಡಿಯ ಕಡೆ ತಿರುಗಿತು. ಎಳೆದು ಈ ಕಡೆ ತಂದೆ.

ಸ್ಪೇರ್ ಪಾರ್ಟ್ಸಿನ ಗಲ್ಲಿಯಲ್ಲಿ ಹಾಜಿಮಲಂಗನ ಅಂಗಡಿ. ಬಿಜಾಪುರದವನು, ನನ್ನ ಹಾಗೆಯೇ ಒಂದು ಟ್ರಂಕು ಹೊತ್ತು ಬಂದವನು. ಗಲ್ಲೆಯ ಮೇಲೆ ಕೂತು ಚಹಾ ಹೀರುತ್ತಿದ್ದ.

‘ಓಹೋ, ಬರ್ರಿ ಸಾವ್ಕಾರ! ಅಂಗಡಿ ಬಿಟ್ಟ ಮ್ಯಾಲ ನಮ್ಮ ನೆಪ್ಪs ಬಿಟ್ರಿ. ರಿಟೈರ್ ಆಗಿ ಸೇಬಿನಂಗ ಆಗಿರಬೇಕು ಅಂದಿದ್ದೆ. ಒಣಗಿದ ಬಾರಿಕಾಯಿ ಆಗೀರಲ್ಲ!’

‘ಚಹಾ ಹೇಳು, ಆಮ್ಯಾಲ ಬೈ.’

ಕಾರಿನ ಮಾಡೆಲ್ ಹೇಳಿದೆ. ಡಬ್ಬಿಗಳನ್ನು ಸಾಲಾಗಿ ಇಟ್ಟ. ವಿಡಿಯೋದಲ್ಲಿ ಕಲಿತದ್ದನ್ನೆಲ್ಲ ಒಪ್ಪಿಸಿದೆ. ಕಣ್ಣು ಮುಚ್ಚಿ ಕೇಳಿದ.

‘ಮುಗೀತಾ? ಈಗ ನಾ ಕೇಳ್ತೀನಿ. ಗಾಡಿ ಎಲ್ಲಿ ಓಡ್ತೈತಿ?’

‘ಎಲ್ಲೂ ಇಲ್ಲ. ಇನ್ನ ಮ್ಯಾಲ ಪುಣೆ.’

‘ಒಳಗ ಯಾರ ಕೂಡ್ತಾರ?’

‘ನಾ. ಬರೂವಾಗ ಇಬ್ರು.’

ಒಂದು ಕ್ಷಣ ನನ್ನ ಮುಖ ನೋಡಿದ. ‘ಭಾಬಿ ಇನ್ನೂ ಅಲ್ಲೇ ಅದಾರೇನು?’

‘ಬ್ರೇಕ್ ಸರಿ ಇಲ್ಲ ಅಂತ ನಿಂತಾಳ.’

‘ಹೌ ಹೌ’ ಅಂದ. ಮುಂದೆ ಕೇಳಲಿಲ್ಲ. ವ್ಯಾಪಾರಿಗೆ ಎಲ್ಲಿ ನಿಲ್ಲಿಸಬೇಕು ಗೊತ್ತಿರುತ್ತದೆ.

ತೂತಿನ ಡಿಸ್ಕನ್ನು ಪಕ್ಕಕ್ಕೆ ಸರಿಸಿದ. ‘ಇದು ಹುಡುಗರ ಶೋಕಿ. ನಕ್ಕೋ, ಬ್ಯಾಡ. ಸಾದಾ ತಗೋರಿ, ಈ ಬೂದಿ ಬಣ್ಣದ ಲೇಪ ಇದ್ದದ್ದು. ನಮ್ಮ ಮುಂಬಯಿ ಗಾಳಿಗೆ ತುಕ್ಕು ಹಿಡಿಯಂಗಿಲ್ಲ.’ ನಾನು ಒಂದನ್ನು ಎತ್ತಿ, ಬೆರಳ ಗೆಣ್ಣಿನಿಂದ ಬಡಿದು ಕಿವಿಗೆ ಹಿಡಿದೆ. ಪಾತೇಲಿಯನ್ನು ನಾನು ಆರಿಸುತ್ತಿದ್ದುದೇ ಹಾಗೆ. ಹಾಜಿಮಲಂಗ ಚಹಾ ಉಗುಳುವಷ್ಟು ನಕ್ಕ. ‘ಸಾವ್ಕಾರ, ಇದರಾಗ ಬಿರಿಯಾನಿ ಮಾಡಂಗಿಲ್ಲ!’

ಪ್ಯಾಡಿಗೆ ಬಂದಾಗ ಕೈ ನಿಂತಿತು. ಸೆರಾಮಿಕ್ಕೋ, ಮೆಟಾಲಿಕ್ಕೋ? ಅವನು ಹೇಳಿದ್ದು: ಊರೊಳಗೆ ಮಾತ್ರ ಓಡಾಡುವುದಾದರೆ ಸೆರಾಮಿಕ್, ಹೆಂಗಸರಿಗೆ ಸದ್ದು ಸೇರುವುದಿಲ್ಲ. ಘಾಟ್ ಇದ್ದರೆ ಇನ್ನೊಂದು. ‘ಕಾದ ಮ್ಯಾಲೂ ಹಿಡೀತೈತಿ. ಸ್ವಲ್ಪ ಗೊಣಗ್ತೈತಿ, ಗೊಣಗಲಿ.’

ಇವಳು ಹೆದರಿದ್ದು ಘಾಟಿಗೆ. ಗೊಣಗುವುದನ್ನೇ ಆರಿಸಿದೆ. ಡಬ್ಬಿಯ ಹೊಲೊಗ್ರಾಮ್ ಕೆರೆದು ನೋಡಿದೆ, ಬೇರೆ ಅಂಗಡಿಯ ದರದ ಜೊತೆ ಹೋಲಿಸಿದೆ, ಚೌಕಾಸಿ ಮಾಡಿದೆ, ಎದ್ದು ಹೊರಟಂತೆ ಮಾಡಿ ಬಾಗಿಲಿಂದ ತಿರುಗಿ ಬಂದೆ. ಎಷ್ಟು ಸುಖವಾಯಿತು. ಬೇಕೆಂದೇ ಇನ್ನೊಂದು ಚಹಾ ಕುಡಿದೆ.

ಬರುವಾಗ ಟ್ರೇನಿನಲ್ಲಿ ಡಿಸ್ಕುಗಳ ಭಾರ ತೊಡೆಯ ಮೇಲೆ. ಮಗು ಕೂತಷ್ಟು.

ಸೆಪ್ಟೆಂಬರ್ 15, ಸೋಮವಾರ. ಸಂಜೆ

ಈ ಮನೆಯಲ್ಲಿ ಹೊಸದು ಯಾವುದೂ ಮಹಾದೇವಿಯ ಕೈ ಮುಟ್ಟದೆ ಬಳಕೆಗೆ ಬಂದದ್ದಿಲ್ಲ. ಮಿಕ್ಸಿ, ಫ್ರಿಜ್ಜು, ಕಾರು, ಕೊನೆಗೆ ನನ್ನ ಕನ್ನಡಕ — ಎಲ್ಲವೂ ದೇವರ ಜಗಲಿಯ ಮೇಲೆ ಒಂದು ರಾತ್ರಿ ಇದ್ದು, ವಿಭೂತಿ ಕುಂಕುಮ ಹಚ್ಚಿಸಿಕೊಂಡೇ ಹೊರಗೆ ಬರುವುದು. ಹಾಗಾಗಿ ಶುಭಾಂಗಿಯ ಫೋನಿಗೆ ವಿಡಿಯೋ ಕಾಲ್ ಮಾಡಿದೆ. ‘ನಿಮ್ಮವ್ವನ್ನ ಕರಿ. ಪೂಜಾ ಐತಿ.’

ಮಹಾದೇವಿ ಬಂದಳು. ಕೈ ತುಂಬ ಹಿಟ್ಟು. ನಾನು ಡಿಸ್ಕು, ಪ್ಯಾಡು ಎಲ್ಲ ಸಾಲಾಗಿಟ್ಟಿದ್ದೆ.

‘ಇವೇನ್ರಿ? ತಾಟಿನಂಗದಾವ.’

‘ನಿನ್ನ ಘಾಟ್ ಇಳಿಸೂವು.’

ನಕ್ಕಳು. ಆಮೇಲೆ ಸರಿಯಾಗಿ ಕೂತು ಹೇಳಲು ಶುರು. ದೀಪ ಎಲ್ಲಿ? ಬತ್ತಿ ದಪ್ಪ ಆಗೇದ. ಊದಿನಕಡ್ಡಿ ಎಡಗೈಲೆ ಹಚ್ಚಬ್ಯಾಡ್ರಿ. ವಿಭೂತಿ ಮೂರು ಬೆರಳಲೆ. ಮೊಮ್ಮಗಳು ಯಕ್ಷಿತಾ ಪರದೆಯೊಳಗೆ ಮೂತಿ ತೂರಿಸಿ ಪ್ಯಾಡು ನೋಡಿದಳು. ‘ಆಜೋಬಾ, ಚಾಕ್ಲೇಟ್ ಹೈ?’

‘ಅಲ್ಲವಾ, ಬ್ರೇಕ್.’

‘ಬ್ರೇಕ್ ಹೋ ಗಯಾ? ಟೂಟ್ ಗಯಾ?’ ಅವಳಿಗೆ ಬ್ರೇಕ್ ಅಂದರೆ ಮುರಿಯುವುದು.

ಕುಂಕುಮ ಹಚ್ಚಿದೆ. ಪ್ಯಾಡಿನ ಮೇಲೆ ನಿಲ್ಲಲಿಲ್ಲ, ಉದುರಿತು.

‘ಒಣದು ನಿಲ್ಲಂಗಿಲ್ರಿ. ಎಣ್ಣಿಯೊಳಗ ಕಲಸ್ರಿ. ದೇವರ ದೀಪದ ಎಣ್ಣಿ ತಗೋರಿ. ಹಾಂ, ಇನ್ನೊಂಚೂರು. ಎರಡೂ ಬಾಜೂಕ ಹಚ್ರಿ, ಕಂಜೂಸ್ ಮಾಡಬ್ಯಾಡ್ರಿ.’

ಹಚ್ಚಿದೆ. ನಾಲ್ಕಕ್ಕೂ. ಕರಿ ಮೈಮೇಲೆ ಕೆಂಪು ಬೊಟ್ಟು, ಬಿಳಿ ಪಟ್ಟೆ. ಚೆಂದ ಕಾಣುತ್ತಿದ್ದವು. ಮಹಾದೇವಿ ಕೈ ಮುಗಿದಳು, ನಾನೂ ಮುಗಿದೆ. ಅರ್ಧ ತಾಸಿಗಿಂತ ಹೆಚ್ಚು ಮಾತಾಡಿರಬೇಕು. ಈ ವರ್ಷದಲ್ಲಿ ಇಷ್ಟು ಹೊತ್ತು ಇದೇ ಮೊದಲು. ಫೋನಿಟ್ಟ ಮೇಲೂ ಜಗಲಿಯ ಎದುರಿಂದ ಏಳಲು ಮನಸ್ಸಾಗಲಿಲ್ಲ.

ಸೆಪ್ಟೆಂಬರ್ 17, ಬುಧವಾರ

ಗ್ಯಾರೇಜಿಗೆ ಒಯ್ಯುವ ಮೊದಲು ಬೊಟ್ಟನ್ನೆಲ್ಲ ಬಟ್ಟೆಯಿಂದ ಒರೆಸಿದೆ. ಧನರಾಜ್ ಗೇಲಿ ಮಾಡುತ್ತಾನೆ ಅಂತ. ಒರೆಸಿದ್ದೇ ತಪ್ಪಾಯಿತು.

ಹಾಕಿದ. ಟ್ರಯಲಿಗೆ ಇಬ್ಬರೂ ಹೊರಟೆವು. ಮೊದಲ ತಿರುವಿನಲ್ಲಿ ಬ್ರೇಕ್ ತುಳಿದ — ಕಾರು ಎಡಕ್ಕೆ ಎಳೆಯಿತು. ಇನ್ನೊಮ್ಮೆ ತುಳಿದ. ಜಾರಿಕೊಂಡು ಹೋಗಿ ನಿಂತಿತು. ಎದುರಿನ ಟೆಂಪೋಕ್ಕೆ ಒಂದು ಗೇಣು. ಚಕ್ರದಿಂದ ತೆಳ್ಳಗೆ ಹೊಗೆ. ವಾಸನೆ ಮೂಗಿಗೆ ಬಡಿಯಿತು. ಧನರಾಜ್ ಮೂಗರಳಿಸಿದ.

‘ಇದು ಬ್ರೇಕಿನ ವಾಸನೆ ಅಲ್ಲ. ಯಾರೋ ಒಗ್ಗರಣೆ ಹಾಕ್ತಿದ್ದಾರೆ.’

ನಿಧಾನಕ್ಕೆ ಗ್ಯಾರೇಜಿಗೆ ತಂದು ಬಿಚ್ಚಿದ. ಪ್ಯಾಡಿನ ಮೇಲೆ ಎಣ್ಣೆಯ ಕಲೆ, ಅಂಚಿನಲ್ಲಿ ಇನ್ನೂ ಒಂದಿಷ್ಟು ಕೆಂಪು. ಬೆರಳಲ್ಲಿ ಉಜ್ಜಿ ನನ್ನ ಮುಖ ನೋಡಿದ. ಹೇಳಲೇಬೇಕಾಯಿತು.

‘ಅಯ್ಯೋ ದೇವರೇ! ಬ್ರೇಕಿಗೆ ಎಣ್ಣೆ ಹಚ್ಚುವುದಾ? ಸ್ಟೇರಿಂಗಿಗೆ ಹಚ್ಚಿ, ಬಾನೆಟ್ಟಿಗೆ ಹಚ್ಚಿ. ನನಗೂ ಬೇಕಾದರೆ ಹಚ್ಚಿ! ಇದು ಹಿಡಿಯುವ ಜಾಗ ಅಲ್ವಾ ಮಾರಾಯ್ರೆ. ಸ್ಪಂಜಿನ ಹಾಗೆ ಕುಡಿದು ಕೂತಿದೆ.’

ಗ್ಯಾಸ್ ಬತ್ತಿಯಿಂದ ಸುಟ್ಟು ಎಣ್ಣೆ ತೆಗೆದುಬಿಡುತ್ತೇನೆ, ನಡೆಯುತ್ತದೆ ಅಂದ. ಹಾಜಿಮಲಂಗನಿಗೆ ಫೋನ್ ಮಾಡಿದೆ. ಮೊದಲು ನಗು, ಆಮೇಲೆ ಬೈಗುಳ. ‘ಸುಡಾಕ ಕೊಡಬ್ಯಾಡ್ರಿ. ಮ್ಯಾಲ ಒಣಾ ಕಾಣ್ತೈತಿ, ಒಳಗ ಹಂಗs ಇರ್ತೈತಿ. ಭಾಬೀನ್ನ ಕೂಡಿಸೂ ಗಾಡಿ, ಮಸ್ಕಿರಿ ಅಲ್ಲ. ಡಿಸ್ಕ್ ತೊಳ್ಯಾಕ ಹೇಳ್ರಿ, ಪ್ಯಾಡ್ ಹೊಸಾವು ಕಳಿಸ್ತೀನಿ.’

ಸೆಪ್ಟೆಂಬರ್ 18, ಗುರುವಾರ

ಮಹಾದೇವಿಗೆ ಹೇಳಿದೆ. ಟೆಂಪೋ ಬಿಟ್ಟು ಉಳಿದದ್ದೆಲ್ಲ. ‘ಒಗ್ಗರಣೆ ವಾಸನೆ’ ಅಂದದ್ದೇ, ಆ ಕಡೆ ಸದ್ದಿಲ್ಲ. ಕಟ್ ಆಯಿತೇನೋ ಅಂದುಕೊಂಡೆ. ಆಮೇಲೆ ಗೊತ್ತಾಯಿತು — ಉಸಿರು ಸಿಗದಷ್ಟು ನಗುತ್ತಿದ್ದಳು.

‘ಯವ್ವಾ... ಸಾಸಿವಿ ಒಂದ್ ಕಮ್ಮಿ ಆಗಿತ್ತಲ್ರಿ!’

ನನಗೂ ತಡೆಯಲಾಗಲಿಲ್ಲ. ಇಬ್ಬರೂ ನಕ್ಕೆವು. ಯಾರೋ ಬಾಗಿಲು ಬಡಿದರಂತೆ, ‘ಇಡ್ತೀನ್ರಿ’ ಅಂದಳು. ನನ್ನ ನಗು ಇನ್ನೂ ಮುಗಿದಿರಲಿಲ್ಲ. ಒಬ್ಬನೇ ಸ್ವಲ್ಪ ಹೊತ್ತು ನಕ್ಕೆ. ಒಬ್ಬನೇ ನಗುವುದು ಕೇಳಲಿಕ್ಕೆ ಚೆನ್ನಾಗಿರುವುದಿಲ್ಲ. ಎದ್ದು ಫ್ಯಾನ್ ಹಾಕಿದೆ.

ಸೆಪ್ಟೆಂಬರ್ 21, ಭಾನುವಾರ

ಹೊಸ ಪ್ಯಾಡು ಬಂದು ಕೂತವು. ಈ ಸಲ ಬರೀ ಕೈ ಮುಗಿದೆ, ಅದೂ ದೂರದಿಂದ.

ಹೊಸ ಪ್ಯಾಡೂ ಹೊಸ ಡಿಸ್ಕೂ ಮೊದಲು ಒಂದಕ್ಕೊಂದು ಹೊಂದಿಕೊಳ್ಳಬೇಕಂತೆ. ಏಕದಂ ತುಳಿಯಬಾರದು. ವೇಗಕ್ಕೆ ಹೋಗಿ, ಮೆತ್ತಗೆ ಒತ್ತಿ, ನಿಲ್ಲುವ ಮೊದಲೇ ಬಿಟ್ಟುಬಿಡಬೇಕು. ಆರಲು ಬಿಡಬೇಕು. ಮತ್ತೆ ಅದೇ. ಬೆಳಗ್ಗೆ ಬೇಗ ಬಿಕೆಸಿಯ ಆಫೀಸು ಬಡಾವಣೆಗೆ ಹೋದೆ. ಭಾನುವಾರ ಆ ಗಾಜಿನ ಕಟ್ಟಡಗಳ ನಡುವೆ ನಾಯಿಗಳು ಮಾತ್ರ. ಹೋದೆ, ಒತ್ತಿದೆ, ಬಿಟ್ಟೆ. ಹೋದೆ, ಒತ್ತಿದೆ, ಬಿಟ್ಟೆ. ಕಾವಲಿನವನು ಮೂರನೇ ಸುತ್ತಿಗೆ ಕೈ ಅಡ್ಡ ಹಾಕಿ, ಯಾರನ್ನು ಹುಡುಕುತ್ತಿದ್ದೀರಿ ಅಂತ ಕೇಳಿದ.

‘ಸಾಬ್, ಕಿಸೀ ಕೋ ಢೂಂಢ್ ರಹೇ ಹೋ?’

‘ಬ್ರೇಕ್ ಸಿಖಾ ರಹಾ ಹೂಂ’ ಅಂದೆ. ಬ್ರೇಕಿಗೆ ಪಾಠ.

ಕೊನೆಕೊನೆಗೆ ಸ್ಟೇರಿಂಗ್ ಅಲುಗಲಿಲ್ಲ. ಗೊಣಗುತ್ತದೆ ಅಂದಿದ್ದ, ಗೊಣಗಲೂ ಇಲ್ಲ. ಪಕ್ಕದ ಸೀಟನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಮಹಾದೇವಿ ಕಾಲು ಚಾಚಲು ಬರುವಂತೆ ಒಂದಷ್ಟು ಹಿಂದೆ ಸರಿಸಿಟ್ಟೆ.

ಸೆಪ್ಟೆಂಬರ್ 27, ಶನಿವಾರ. ಪುಣೆ, ಸಂಜೆ

ಎಲ್ಲವನ್ನೂ ಬರೆದಿಡಬೇಕು. ಹಾಲ್‌ನಲ್ಲಿ ನನಗೆ ಹಾಸಿದ ಗಾದಿಯ ಮೇಲೆ ಕೂತಿದ್ದೇನೆ. ಉಳಿದವರು ಯಕ್ಷಿತಾಳನ್ನು ಕರೆದುಕೊಂಡು ದೇವಿ ನೋಡಲು ಹೋಗಿದ್ದಾರೆ. ಕಾಲು ನೋವು ಅಂದೆ.

ಮಧ್ಯಾಹ್ನಕ್ಕೆ ಮುಟ್ಟಿದೆ. ಬಾಗಿಲು ತೆರೆದದ್ದು ಗುರುತಿಲ್ಲದ ಹೆಂಗಸು. ಕೆಳಗಿನ ಮನೆಯ ಭುವನೇಶ್ವರಿಯಂತೆ. ಒಳಗೆ ಅಡುಗೆಮನೆಯಿಂದ ಬಾಲ್ಕನಿವರೆಗೆ ರೊಟ್ಟಿ. ಹಗ್ಗದ ಮೇಲೆ ಬಟ್ಟೆ ಹಾಸಿ ಒಣಗಿಸಿದ ರೊಟ್ಟಿ, ಡಬ್ಬದಲ್ಲಿ ರೊಟ್ಟಿ, ಶೇಂಗಾ ಚಟ್ನಿಯ ಪೊಟ್ಟಣ, ಮೇಲೆ ಚೀಟಿ — ‘ಮಹಾದೇವಿ’. ಬರೀ ಹೆಸರು. ಅಕ್ಕಪಕ್ಕದವರಿಗೆ ಅಂದಿದ್ದಳು. ಅಕ್ಕಪಕ್ಕ ಇಷ್ಟು ದೊಡ್ಡದು ಅಂತ ಹೇಳಿರಲಿಲ್ಲ.

ಮಹಾದೇವಿ ಒಳಗಿನಿಂದ ಬಂದಳು. ‘ಬಂದ್ರ್ಯಾ? ಕೈಕಾಲು ತೊಳೀರಿ. ಊಟಾ ಮಾಡಿ ನನ್ನ ಒಂದೀಟ ಬಿಡ್ರಿ. ಡಬ್ಬಿ ಮುಟ್ಟಿಸಿ ಬರೂನು. ರಿಕ್ಷಾದಾಗ ಭಾಳ ಮುರೀತಾವ.’

ಹೀಗೆ ಅವಳು ಕಾರಿನಲ್ಲಿ ಕೂತಳು. ನಾನು ಎಷ್ಟು ಸಲ ನೆನೆಸಿಕೊಂಡಿದ್ದೆ ಆ ಗಳಿಗೆಯನ್ನು. ಅವಳು ನೋಡಿದ್ದು ಹಿಂದಿನ ಸೀಟಿನ ಡಬ್ಬಗಳನ್ನು.

‘ಎಡಕ್ಕ. ಮುಂದ ಆ ಮೆಡಿಕಲ್ ಹತ್ರ ಮತ್ತ ಎಡಕ್ಕ.’ ದಾರಿ ತಾನೇ ಹೇಳಿದಳು. ನನಗೆ ಈ ಊರು ಗೊತ್ತಿಲ್ಲ. ಪ್ರತಿ ಮನೆಯಲ್ಲೂ ಗುರುತು, ನಗು. ‘ಮಾವಶಿ, ಮುಂದಿನ ವಾರ ಜಾಸ್ತಿ ಹಾಕಿ.’ ಹಣ ಮೊದಲೇ ಬಂದಿರುತ್ತದೆ. ಉದ್ರಿ ಇಲ್ಲ. ನನ್ನ ಅಂಗಡಿಯಲ್ಲಿ ಕೊನೆಯ ದಿನದವರೆಗೂ ಉದ್ರಿ ಇತ್ತು. ಇದು ಹೊತ್ತು ಕಳೆಯುವುದಲ್ಲ. ಇದು ಧಂದೆ. ಚೆನ್ನಾಗಿ ಕೂತ ಧಂದೆ. ಕಣ್ಣಿಗೆ ಕಂಡದ್ದನ್ನು ಇಲ್ಲ ಅನ್ನಲು ನನಗೆ ಬರುವುದಿಲ್ಲ.

ಒಂದು ಶಾಲೆಯ ಮುಂದೆ ಸ್ಕೂಟರಿನವಳೊಬ್ಬಳು ಥಟ್ಟನೆ ಅಡ್ಡ ಬಂದಳು. ಜೋರಾಗಿ ತುಳಿದೆ. ಕಾರು ನೆಟ್ಟಗೆ ನಿಂತಿತು. ಸದ್ದಿಲ್ಲ, ಎಳೆತವಿಲ್ಲ. ಮಹಾದೇವಿ ಹಿಂತಿರುಗಿ ಡಬ್ಬದ ಮುಚ್ಚಳ ತೆಗೆದು ನೋಡಿದಳು.

‘ಒಂದೂ ಮುರಿದಿಲ್ಲ’ ಅಂದಳು, ಬಹಳ ಖುಷಿಯಿಂದ.

‘ಹೆಂಗದಾವ ಬ್ರೇಕ್?’

‘ಛಲೋ ಅದಾವ್ರಿ.’

‘ಹಂಗಾರ ನಾಳೆ ನಡಿ. ದಸರಾಕ್ಕ ಮನಿಯೊಳಗ ದೀಪ ಹಚ್ಚಬೇಕು.’

ಡಬ್ಬದ ಮುಚ್ಚಳ ಒತ್ತಿ ಮುಚ್ಚಿದಳು. ‘ದಸರಾಕ್ಕ ಭಾಳ ಆರ್ಡರ್ ಬಂದಾವ.’

‘ಮುಗಿಸ್ಕೊ. ಮತ್ತ ಬರ್ತೀನಿ.’

‘ಅದರ ಹಿಂದs ದೀಪಾವಳಿ.’

‘ದೀಪಾವಳಿ ಆದ ಮ್ಯಾಲ?’

‘ಗಾಡಿ ಬಾಜೂಕ ಹಚ್ರಿ.’

ಹಚ್ಚಿದೆ. ಒಂದು ಬೇಕರಿಯ ಮುಂದೆ.

‘ಸಿಟ್ಟಿಗೇಳಬ್ಯಾಡ್ರಿ. ಅಲ್ಲೆ ಬಂದು ನಾ ದಿನಾ ಏನ ಮಾಡ್ಲಿ?’

‘ಮೊದ್ಲ ಏನ ಮಾಡ್ತಿದ್ದಿ?’

‘ನಿಮ್ಮ ದಾರಿ ನೋಡ್ತಿದ್ದೆ. ಊಟಾ ಬಿಸಿ ಮಾಡೂದು, ನೀವ ಬರೂದ್ರಾಗ ಆರೂದು, ಮತ್ತ ಬಿಸಿ ಮಾಡೂದು.’

‘ಈಗ ನಾ ಮನಿಯೊಳಗs ಇರ್ತೀನಲ್ಲ.’

‘ಹೂಂ. ಈಗ ನೀವ ಇರ್ತೀರಿ.’

ಚುಚ್ಚಿ ಹೇಳಲಿಲ್ಲ. ಬಸ್ಸಿನ ಟೈಮು ಹೇಳಿದ ಹಾಗೆ ಹೇಳಿದಳು. ಚುಚ್ಚಿದ್ದರೆ ನಾನು ತಿರುಗಿ ಒಂದು ಮಾತು ಹೇಳಬಹುದಿತ್ತು. ಮಾತಿನಲ್ಲಿ ನನ್ನನ್ನು ಗೆದ್ದ ಗಿರಾಕಿ ಇಲ್ಲ.

‘ಬ್ರೇಕ್ ಸರಿ ಆದ್ರ ಬರ್ತೀನಿ ಅಂದಿದ್ದಿ.’

‘ಗಾಡಿಯೊಳಗ ಕೂಡ್ತೀನಿ ಅಂದಿದ್ದೆ. ಕುಂತೀನಲ್ರಿ?’ ಅಂದಳು. ಆಮೇಲೆ ನನ್ನ ಮೊಣಕೈ ಮೇಲೆ ಕೈ ಇಟ್ಟಳು. ಬೆರಳ ಸಂದಿಯಲ್ಲಿ ಜೋಳದ ಹಿಟ್ಟು. ‘ಇನ್ನೊಂದ್ ಮನಿ ಉಳದೈತ್ರಿ. ನಡೀರಿ.’

ನೀವೂ ಇಲ್ಲೇ ಇದ್ದುಬಿಡಿ ಅನ್ನುತ್ತಾಳೇನೋ ಅಂತ ಕಾದೆ. ಊಟಕ್ಕೆ ಕೂತಾಗಲೂ ಕಾದೆ. ಶುಭಾಂಗಿ ಅಂದಳು, ‘ಅಪ್ಪಾ, ಆರಾಮ ಎರಡು ದಿನ ಇರು.’ ಎರಡು ದಿನ. ಎರಡು ಕೋಣೆಯ ಮನೆ, ಹಾಲ್‌ನಲ್ಲಿ ರೊಟ್ಟಿ. ಅವರ ಕಡೆಯಿಂದ ನೋಡಿದರೂ ಜಾಗದ ಲೆಕ್ಕ ಕೂಡುವುದಿಲ್ಲ. ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಚೆನ್ನಾಗಿತ್ತು.

ಸೆಪ್ಟೆಂಬರ್ 28, ಭಾನುವಾರ. ಸಾಂತಾಕ್ರೂಜ್

ಬೆಳಗ್ಗೆ ಹೊರಟೆ. ಎರಡು ದಿನ ಇರಲಿಲ್ಲ.

ಮಹಾದೇವಿ ಕೆಳಗೆ ಬಂದಳು. ರೊಟ್ಟಿಯ ದೊಡ್ಡ ಗಂಟನ್ನು ಮುಂದಿನ ಸೀಟಿನಲ್ಲಿಟ್ಟಳು. ‘ಗೇರ್‌ನ್ಯಾಗ ಇಳಸ್ರಿ. ನ್ಯೂಟ್ರಲ್ ಮಾಡಬ್ಯಾಡ್ರಿ.’ ಹೂಂ ಅಂದೆ. ಕಿಟಕಿಗೆ ಬಾಗಿದಳು.

‘ಮುಂದಿನ ಸಲ ಬರೂವಾಗ ಅಡಗಿ ಮನ್ಯಾಗಿನ ದೊಡ್ಡ ರೊಟ್ಟಿ ಹಂಚು ತಗೊಂಡ ಬರ್ರಿ. ನಮ್ಮವ್ವ ಕೊಟ್ಟದ್ದು. ಇಲ್ಲಿ ಹಂಚು ಸಣ್ಣಾವು, ಒಲಿ ಮ್ಯಾಲ ಕೂಡಂಗಿಲ್ಲ.’

ಮುಂದಿನ ಸಲ ಬರುವಾಗ. ನೆಂಟರಿಗೆ ಹೇಳುವ ಮಾತು.

ಗೇಟು ದಾಟುವ ಮೊದಲೇ ಟಿಂಗ್ ಟಿಂಗ್ ಅಂತ ಶುರುವಾಯಿತು. ಗಂಟಿನ ಭಾರಕ್ಕೆ ಕಾರು ಯಾರೋ ಕೂತಿದ್ದಾರೆ, ಬೆಲ್ಟ್ ಹಾಕಿಲ್ಲ ಅಂದುಕೊಂಡಿದೆ. ಸ್ವಲ್ಪ ದೂರ ಸಹಿಸಿದೆ. ಆಮೇಲೆ ನಿಲ್ಲಿಸಿ ರೊಟ್ಟಿಗೆ ಬೆಲ್ಟ್ ಹಾಕಿದೆ.

ಘಾಟು ಇಳಿದೆ. ಗೇರಿನಲ್ಲೇ. ಮಂಜಿತ್ತು, ಸಣ್ಣ ಮಳೆ. ಬ್ರೇಕ್ ಎಷ್ಟು ಚೆನ್ನಾಗಿತ್ತೆಂದರೆ, ಬ್ರೇಕ್ ಇದೆ ಅನ್ನುವುದೇ ಮರೆತುಹೋಯಿತು. ಒಂದು ಕಡೆ ನಿಲ್ಲಿಸಿ ಚಕ್ರದ ಹತ್ತಿರ ಕೈ ಹಿಡಿದೆ. ಬೆಚ್ಚಗಿತ್ತು, ಅಷ್ಟೇ. ಹಾಜಿಮಲಂಗನಿಗೆ ಫೋನ್ ಮಾಡಿ ಸಾಮಾನು ಒಂದನೇ ನಂಬರ್ ಅಂತ ಹೇಳಿದೆ.

‘ಭಾಬಿ ಏನಂದ್ರು?’

‘ಛಲೋ ಅದಾವ ಅಂದ್ಲು.’

‘ಆಜೂಬಾಜೂ ಅದಾರೇನು? ಕೊಡ್ರಿ, ಸಲಾಂ ಹೇಳ್ತೀನಿ.’

ನಿದ್ದೆ ಹೋಗ್ಯಾಳ ಅಂದೆ.

ಅಕ್ಟೋಬರ್ 2, ಗುರುವಾರ. ದಸರೆ

ಸ್ಟೇಷನ್ ಹೊರಗೆ ಝೆಂಡು ಹೂವು. ಒಂದು ಮಾಲೆ ಕಾರಿಗೆ, ಒಂದು ಬಾಗಿಲಿಗೆ. ಬಾನೆಟ್ಟಿಗೆ ಮಾತ್ರ ಕುಂಕುಮ.

ಮಧ್ಯಾಹ್ನ ಮಹಾದೇವಿಯ ಫೋನ್. ಹಬ್ಬದ ಮಾತು ಎರಡು. ಆಮೇಲೆ — ‘ಹಂಚು ಸಿಕ್ತೇನ್ರಿ?’

‘ಇಲ್ಲ. ಹುಡುಕ್ತೀನಿ.’

ಒಲೆಯ ಪಕ್ಕದ ಗೋಡೆಗೆ, ಮೊಳೆಗೆ ತೂಗುಹಾಕಿದೆ. ನಾನು ಮಾತಾಡುತ್ತಿದ್ದಾಗ ಅದರ ಎದುರಿಗೇ ನಿಂತಿದ್ದೆ. ಅದೊಂದು ಇಲ್ಲಿರುವವರೆಗೆ ಅವಳ ಅಡುಗೆಮನೆ ಇಲ್ಲಿದೆ. ಅದನ್ನು ಒಯ್ದು ಕೊಟ್ಟರೆ ಆಮೇಲೆ ಇದು ನಾನಿರುವ ಮನೆ, ಅಷ್ಟೇ.

‘ಮ್ಯಾಲಿನ ಕಪಾಟಿನ್ಯಾಗೂ ನೋಡ್ರಿ’ ಅಂದಳು. ಪಾಪ, ನಂಬಿದಳು.

ಅಕ್ಟೋಬರ್ 4, ಶನಿವಾರ

ಮತ್ತೆ ಕೇಳಿದಳು. ಸಿಗಲಿಲ್ಲ ಅಂದೆ. ‘ಇರ್ಲಿ ಬಿಡ್ರಿ. ಭುವನೇಶ್ವರಿ ಹೊಸಾದು ನೋಡ್ಕೊಂಡ ಬಂದಾಳ. ತಗೋತೀನಿ.’

ಎಲಾ. ಅದೂ ಕೈ ತಪ್ಪಿತು. ಇಟ್ಟುಕೊಂಡ ಮಾಲಿಗೆ ಗಿರಾಕಿ ಬೇರೆ ಅಂಗಡಿ ನೋಡಿಕೊಂಡರೆ, ಆಮೇಲೆ ಅದು ಮಾಲಲ್ಲ. ಗೋಡೆಯ ಮೇಲಿನ ಕಬ್ಬಿಣ.

‘ತಡಿ. ಇನ್ನೊಮ್ಮೆ ನೋಡ್ತೀನಿ’ ಅಂದೆ.

ಅಕ್ಟೋಬರ್ 5, ಭಾನುವಾರ. ಬೆಳಗ್ಗೆ

ಇಳಿಸಿದೆ. ಎರಡೂ ಕೈ ಬೇಕಾಯಿತು. ಗೋಡೆಯ ಮೇಲೆ ದುಂಡಗೆ ಬಿಳಿ ಗುರುತು ಉಳಿದಿದೆ, ಸುತ್ತ ಹೊಗೆಯ ಬಣ್ಣ. ಮಹಾದೇವಿಗೆ ಫೋನ್: ‘ಸಿಕ್ತು. ಗೋಡಿ ಮ್ಯಾಲs ಇತ್ತು.’

‘ಅಲ್ಲೇ ಇರ್ತೈತಂತ ನಂಗೂ ಗೊತ್ತಿತ್ರಿ’ ಅಂದಳು, ಮೆಲ್ಲಗೆ. ಆ ಕಡೆ ಪಟಪಟ ಸದ್ದು ಇರಲಿಲ್ಲ. ಬಡಿಯುವುದನ್ನು ನಿಲ್ಲಿಸಿ ಕೂತಿದ್ದಳು.

‘ಬುಧವಾರ ತರ್ತೀನಿ.’

‘ಆತ್ರಿ. ಗೇರ್‌ನ್ಯಾಗ ಬರ್ರಿ.’

ಹಳೇ ಧೋತರದಲ್ಲಿ ಸುತ್ತಿ ಬಾಗಿಲ ಹತ್ತಿರ ಇಟ್ಟಿದ್ದೇನೆ. ಈಗ ನನಗೊಂದು ತವಾ ಬೇಕು. ನಾಳೆ ಗ್ರಾಂಟ್ ರೋಡಿಗೆ ಹೋಗಬೇಕು, ನನ್ನದೇ ಹಳೇ ಅಂಗಡಿಗೆ. ಬೇರೆ ಕಡೆ ಕೊಂಡರೆ ಸುದ್ದಿ ಆಗುತ್ತದೆ. ಪಾತ್ರೆ ಕೇಳಿದವರಿಗೆಲ್ಲ ಮೊದಲು ಒಂದು ಪ್ರಶ್ನೆ ಹಾಕುವುದನ್ನು ಆ ಅಂಗಡಿಯಲ್ಲಿ ಕಲಿಸಿದವನೇ ನಾನು — ಎಷ್ಟು ಮಂದಿಗೆ? ಗಲ್ಲೆಯ ಮೇಲೆ ಈಗ ಕೂರುವ ಪಾಲುದಾರನ ಮಗನೂ ಕೇಳುತ್ತಾನೆ, ರೂಢಿ. ಅವನಿಗೆ ನಾನು ‘ಒಬ್ಬನಿಗೆ’ ಅನ್ನಬೇಕು.